ಒರೆಸಿದ ಎಂಜಿನ್

ಜರ್ಮನಿಯ ನೆಕಾರ್ ನದಿ ದಂಡೆಯ ಆ ಊರಿನ ಜನ ಎಷ್ಟು ಚೊಕ್ಕಟವೆಂದರೆ, ಶನಿವಾರ ಅವರು ಗುಡಿಸಿಟ್ಟ ಬೀದಿಗೆ ಇಳಿಯುವ ಮುಂಚೆ ಪಾರಿವಾಳಗಳು ಕಾಲು ಒರೆಸಿಕೊಳ್ಳುತ್ತಿದ್ದವು. ಕಣ್ಣಾರೆ ಕಂಡವರಿದ್ದಾರೆ.

ಅಲ್ಲಿನ ಮೋಟಾರು ಕಾರ್ಖಾನೆಯಲ್ಲಿ ಗಾಟ್‌ಹಿಲ್ಫ್ ರೆಂಪಿಸ್ ಎಂಬ ಎಂಜಿನಿಯರ್ ಸುತ್ತುವ ಪಿಸ್ಟನ್ನಿನ ಎಂಜಿನ್ ಮಾಡುತ್ತಿದ್ದ. ಬೇರೆಯವರ ಪಿಸ್ಟನ್ನುಗಳು ಮೇಲೆ ಕೆಳಗೆ ಕುಪ್ಪಳಿಸುತ್ತಿದ್ದವು; ಇವನದು ಮೂರು ಮೂಲೆಯದು, ದುಂಡು ಕೋಣೆಯೊಳಗೆ ಹೊರಳಿಕೊಂಡು ತಿರುಗುತ್ತಿತ್ತು. ಅನಿಲ ಸೋರದಂತೆ ಅದರ ಮೂಲೆಗಳಿಗೆ ಕೂರಿಸಿದ ಪಟ್ಟಿಗಳು ಮಾತ್ರ ಗೋಡೆಯನ್ನು ಕೆರೆದು ಕೆರೆದು ಬಟ್ಟೆ ಉಜ್ಜುವ ಹಲಗೆಯಂತೆ ಮಾಡಿಬಿಡುತ್ತಿದ್ದವು. ಅಂಥ ಗೋಡೆಗಳನ್ನು ವರ್ಷಗಟ್ಟಲೆ ದಿಟ್ಟಿಸಿದ್ದ ರೆಂಪಿಸ್‌ಗೆ, ಹೆಂಡತಿ ಬಿಟ್ಟುಹೋದದ್ದು ಒಂದು ವಾರ ತಡವಾಗಿ ಗೊತ್ತಾಯಿತು. ಗೊತ್ತಾದಾಗ "ಹೌದಾ" ಅಂದ, ಅಷ್ಟೇ.

ಈ ಸಲವೂ ಗೀರು ಬಿದ್ದರೆ ವಿಭಾಗಕ್ಕೆ ಬೀಗ ಎಂದಿದ್ದರು ನಿರ್ದೇಶಕರು. ಅದಕ್ಕೂ ರೆಂಪಿಸ್ ತಲೆಯಾಡಿಸಿದ್ದ. ಇದ್ದಿಲ ಪುಡಿ ಬೆರೆತ ಹೊಸ ಪಟ್ಟಿ ಹಾಕಿ ವಾರಗಟ್ಟಲೆ ನಿಧಾನವಾಗಿ ಓಡಿಸಿದ. ನಿರ್ದೇಶಕರು ಬರುವ ದಿನ ಬೆಳಿಗ್ಗೆ ಮೆಕ್ಯಾನಿಕ್ ಹೇಫೆಲೆ ಎಂಜಿನ್ ಬಿಚ್ಚಿದ.

ಗೀರು ಒಂದೂ ಇರಲಿಲ್ಲ. ಗೋಡೆ ತುಂಬ ಕರ್ರನೆಯ ಮಸಿ.

"ಥೂ, ನಮ್ಮಜ್ಜಿ ಒಲೆ ಹಿಂದೆನೂ ಹಿಂಗಿರ್ಲಿಲ್ಲ ಸಾರ್."

"ಗೀರಿಲ್ವಲ್ಲ."

"ಗೀರಿಲ್ಲ, ಸರಿ. ಯಜಮಾನ್ರಿಗೆ ಈ ಗಲೀಜು ತೋರಿಸ್ತೀರಾ? ಆಮೇಲೆ ನಮ್ಮಮ್ಮಂಗೆ ನಾನು ಹೆಂಗೆ ಮುಖ ತೋರಿಸ್ಲಿ?"

"ನಿಮ್ಮಮ್ಮಂಗೆ ಯಾರು ಹೇಳ್ತಾರೆ?"

"ಯಾರೂ ಹೇಳಲ್ಲ. ಅವ್ರಿಗೆ ಗೊತ್ತಾಗತ್ತೆ."

ಆ ಊರಲ್ಲೇ ಹುಟ್ಟಿದ ರೆಂಪಿಸ್‌ಗೂ ಅದು ಗೊತ್ತಿತ್ತು. ಇಬ್ಬರೂ ಬಟ್ಟೆಯನ್ನು ಪೆಟ್ರೋಲಿನಲ್ಲಿ ಅದ್ದಿ, ಗೋಡೆ ಕನ್ನಡಿಯಾಗುವ ತನಕ ತಿಕ್ಕಿದರು.

ನಿರ್ದೇಶಕರು ಬಗ್ಗಿ ನೋಡಿ, ಅದರಲ್ಲೇ ಟೈ ಸರಿಮಾಡಿಕೊಂಡರು. "ಭೇಷ್. ಈಗ ಜೋಡಿಸಿ ಓಡಿಸ್ರಿ. ಪೂರ್ತಿ ವೇಗದಲ್ಲಿ."

ಎಲ್ಲರೂ ಕ್ಯಾಂಟೀನಿನಲ್ಲಿ ಊಟ ಮಾಡಿ ಬರುವಷ್ಟರಲ್ಲಿ ಎಂಜಿನ್ ಹಲ್ಲು ಕಡಿಯುತ್ತಿತ್ತು. ಬಿಚ್ಚಿದರೆ ಅದೇ ಬಟ್ಟೆ ಉಜ್ಜುವ ಹಲಗೆ.

ರೆಂಪಿಸ್‌ಗೆ ಆಗ ಹೊಳೆಯಿತು. "ಆ ಮಸಿನೇ ಕಾಪಾಡ್ತಿದ್ದಿದ್ದು. ಪಟ್ಟಿಯಿಂದ ಇದ್ದಿಲು ಸವೆದು ಗೋಡೆಗೆ ಮೆತ್ತಿಕೊಂಡಿತ್ತು. ನಾವು ಒರೆಸಿಬಿಟ್ವಿ. ಇನ್ನೊಂದು ಸಲ ಕೊಡಿ, ಒರೆಸದೆ ತೋರಿಸ್ತೀನಿ."

"ಅಂದ್ರೆ, ಒಳಗೆ ಗಲೀಜಿದ್ರೇನೇ ಓಡತ್ತೆ ಅಂತೀರಿ."

"ಹೌದು."

"ರೆಂಪಿಸ್ ಅವ್ರೇ, ಇದನ್ನ ಈ ಊರಲ್ಲಿ ಯಾರಿಗೆ ಮಾರ್ಲಿ?" ನಿರ್ದೇಶಕರ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು.

ಸಂಜೆಗೆ ಬೀಗ ಬಿತ್ತು. ರೆಂಪಿಸ್‌ನನ್ನು ಪಂಪಿನ ವಿಭಾಗಕ್ಕೆ ಹಾಕಿದರು. ಅಲ್ಲೂ ದುಂಡು ಕೋಣೆ, ಸುತ್ತುವ ಪಿಸ್ಟನ್. ಒಳಗೆ ಬೆಂಕಿಯ ಬದಲು ಡೇರಿಯ ತಣ್ಣನೆಯ ಹಾಲು. ಅವನು ಬೆಳಿಗ್ಗೆ ಬಂದು ನಕ್ಷೆ ಬರೆಯುತ್ತಿದ್ದ, ಸಂಜೆ ಹೋಗುತ್ತಿದ್ದ.

ಒಂದು ದಿನ ಹೇಫೆಲೆ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. "ಹಳೇದೊಂದು ಎಂಜಿನ್ ಗೋಡೌನಲ್ಲಿದೆ ಸಾರ್. ಗುಟ್ಟಾಗಿ ಓಡಿಸಿ ನೋಡಣ್ವಾ? ಮಸಿ ಹಿಡೀಲಿ."

"ಬಿಚ್ಚಿದಾಗ ನೀನು ಒರೆಸಲ್ವಾ?"

ಹೇಫೆಲೆ ಜೇಬಿನಲ್ಲಿದ್ದ ಒರೆಸುವ ಬಟ್ಟೆಯನ್ನು ಮುಟ್ಟಿ ನೋಡಿಕೊಂಡ. ಸುಳ್ಳು ಹೇಳುವ ಮನುಷ್ಯನಲ್ಲ. "ಒರೆಸ್ತೀನಿ ಸಾರ್."

ರೆಂಪಿಸ್ ಪೆನ್ಸಿಲ್ ಹೆರೆದ. ಉದುರಿದ ಕರಿ ಪುಡಿಯನ್ನು ಚೂರೂ ಬಿಡದೆ ಅಂಗೈಗೆ ಗುಡಿಸಿಕೊಂಡು ಬುಟ್ಟಿಗೆ ಹಾಕಿ, ಹಾಲಿನ ಪಂಪಿನ ಮುಂದಿನ ಗೆರೆ ಎಳೆದ.