ಡೀಸೆಲಿಗೆ ಇಟ್ಟುಕೋ

ವಿಮೆ ಏಜೆಂಟ್ ಗೇಲನ್ ರಸ್ಕ್ ಹೊಸ ಕಂತು ಎಷ್ಟೆಂದು ಹೇಳಿದಾಗ ಲವಾನ್ ಸ್ಟೋಲ್ ನಕ್ಕೇಬಿಟ್ಟಳು. ಗೇಲನ್ ಒಮ್ಮೊಮ್ಮೆ ಮುಖ ಗಂಟುಹಾಕಿಕೊಂಡೇ ತಮಾಷೆ ಮಾಡುವ ಆಸಾಮಿ. ಆದರೆ ಈ ಸಲ ಗಂಟು ಬಿಚ್ಚಲಿಲ್ಲ.

"ಹೋದ ವರ್ಷದ ಎರಡರಷ್ಟು! ಇದೇನು ಪಿಕಪ್ಪಿನ ಇನ್ಶೂರೆನ್ಸೋ, ವಿಮಾನದ್ದೋ?"

"ನನ್ನ ಕೈಲೇನಿದೆ ಲವಾನ್? ಕಂಪನಿಯೋರು ಎಲ್ರಿಗೂ ಏರಿಸಿದಾರೆ. ಒಂದು ಕಡೆ ಆಲಿಕಲ್ಲು ಬಿತ್ತಂತೆ, ಇನ್ನೊಂದು ಕಡೆ ಜಿಂಕೆ ಅಡ್ಡ ಬಂತಂತೆ."

"ನನ್ನ ಗಾಡಿಗೆ ಯಾವ ಜಿಂಕೆ ಅಡ್ಡ ಬಂದಿತ್ತು?"

"ಊರೋರ ಜಿಂಕೆಗೆಲ್ಲಾ ನಾವೇ ಕಾಸು ಕೊಡೋದಮ್ಮಾ. ಅದಕ್ಕೇ ಇನ್ಶೂರೆನ್ಸ್ ಅನ್ನೋದು."

ನಗುವಂಥ ಮಾತೇ, ಆದರೆ ಲವಾನಳಿಗೆ ನಗು ಬರಲಿಲ್ಲ. ಗಂಡ ಮರ್ಲ್ ತೀರಿಕೊಂಡ ಮೇಲೆ ಅವಳು ಹಸುಗಳನ್ನು ಮಾರಿ, ಹುಲ್ಲುಗಾವಲನ್ನು ಗುತ್ತಿಗೆಗೆ ಕೊಟ್ಟು, ಉಳಿಸಿಕೊಂಡದ್ದು ಆ ಪಿಕಪ್ ಒಂದನ್ನೇ. ಹಿಂಬದಿಯಲ್ಲಿ ಜೋಡಿಚಕ್ರವಿರುವ ದೈತ್ಯ ಡೀಸೆಲ್ ಗಾಡಿ, ಅದರ ಬೆನ್ನಿಗೆ ಸಿಕ್ಕಿಸುವ ಉದ್ದನೆಯ ದನದ ಟ್ರೇಲರ್. ನೆಬ್ರಾಸ್ಕದ ಈ ಮರಳುಗುಡ್ಡಗಳ ಸೀಮೆಯಲ್ಲಿ ಚಳಿಗೆ ಮುಂಚೆ ಎಲ್ಲರ ಕರುಗಳೂ ಒಟ್ಟೊಟ್ಟಿಗೆ ಹರಾಜಿಗೆ ಹೊರಡುತ್ತವೆ. ಆ ಸುಗ್ಗಿಯಲ್ಲಿ ಗಾಡಿ ಓಡಿದರೆ ವರ್ಷವಿಡೀ ಅವಳ ಒಲೆ ಉರಿಯುತ್ತದೆ. ಓಡದಿದ್ದರೆ ಪಟ್ಟಣದ ಆಸ್ಪತ್ರೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆಯಬೇಕು. ವಿಮೆಯಿಲ್ಲದ ಗಾಡಿಯನ್ನು ರಸ್ತೆಗಿಳಿಸುವ ಹೆಂಗಸಂತೂ ಅವಳಲ್ಲ.

ಓಡಿಸುವುದು ಬಾಡಿಗೆಗೇ. ಆದರೆ ಆ ಪದವನ್ನು ಅಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಕರುಗಳನ್ನು ಇಳಿಸಿದ ಮೇಲೆ ದನದ ಯಜಮಾನ ಹತ್ತಿರ ಬಂದು, ಆಕಾಶ ನೋಡುತ್ತಾ, ಮಡಿಸಿದ ನೋಟುಗಳನ್ನು ಅವಳ ಅಂಗಿಯ ಜೇಬಿಗೆ ತುರುಕಿ "ಡೀಸೆಲಿಗೆ ಇಟ್ಕೋ" ಅನ್ನಬೇಕು. ಅವಳು ಒಂದು ಸಲ "ಅಯ್ಯೋ, ಬೇಡ ಬಿಡಿ" ಅನ್ನಬೇಕು. ಎಷ್ಟು ದೂರಕ್ಕೆ ಎಷ್ಟು ಅನ್ನುವುದು ಇಡೀ ಸೀಮೆಗೆ ಗೊತ್ತು, ಒಂದು ಡಾಲರ್ ಹೆಚ್ಚುಕಮ್ಮಿಯಿಲ್ಲ. ಆದರೂ ಅದು ಬಾಡಿಗೆಯಲ್ಲ, ನೆರೆಹೊರೆ. ಬಾಡಿಗೆ ಅಂದರೆ ನೆರೆಯವನನ್ನು ಅಂಗಡಿಯವನನ್ನಾಗಿ ಮಾಡಿದ ಹಾಗೆ. ಗೇಲನ್ನೂ ವಿಮೆಯ ಕಾಗದದಲ್ಲಿ "ಸ್ವಂತ ಸಾಕಣೆಯ ಕೆಲಸಕ್ಕೆ" ಎಂದೇ ಬರೆದಿದ್ದ. ಪ್ರತಿವರ್ಷವೂ ಕಣ್ಣು ಮಿಟುಕಿಸಿ ಹಾಗೆ ಬರೆಯುತ್ತಿದ್ದ.

ಬೇರೆ ಕಡೆ ಬೆಲೆ ವಿಚಾರಿಸುವುದು ಲವಾನಳಿಗೆ ಕಳ್ಳತನ ಮಾಡಿದಷ್ಟು ಮುಜುಗರದ ಕೆಲಸ. ಮಗಳು ಟೆಸ್ ಚಿಕ್ಕವಳಿದ್ದಾಗ ಸಾಕಿ ಬೆಳೆಸಿದ ಹೋರಿಯನ್ನು ಮಕ್ಕಳ ಜಾನುವಾರು ಪ್ರದರ್ಶನದಲ್ಲಿ, ತಲೆ ನೆಟ್ಟಗಿರುವ ಯಾರೂ ಕೊಡದ ಬೆಲೆಗೆ ಗೇಲನ್ ಕೂಗಿ ಕೊಂಡಿದ್ದ. ಆ ಸೀಮೆಯಲ್ಲಿ ವಿಮೆ ಮಾರುವವನು ನಿಮ್ಮ ಮಗುವಿನ ಹೋರಿ ಕೊಂಡರೆ ನಿಮ್ಮ ಮನೆ, ಹೊಲ, ಗಾಡಿ ಎಲ್ಲದರ ವಿಮೆಯೂ ಅವನ ಪಾಲಿಗೆ. ಅದು ಅಲ್ಲಿನ ಮರ್ಯಾದೆ. ಮರ್ಲ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲೂ ಅವನೊಬ್ಬ.

ಆದರೆ ಮರ್ಯಾದೆಯಿಂದ ಹೊಟ್ಟೆ ತುಂಬುವುದಿಲ್ಲವಲ್ಲ! ಒಲ್ಲದ ಮನಸ್ಸನ್ನು ಎಳೆದುಕೊಂಡು ಅವಳು ದೂರದ ಸ್ಕಾಟ್ಸ್‌ಬ್ಲಫ್ ಪಟ್ಟಣಕ್ಕೆ ಹೋಗಿ, ಯಾರೂ ಗುರುತಿಸದ ಒಂದು ವಿಮಾ ಕಚೇರಿಗೆ ಕಾಲಿಟ್ಟಳು. ಅಲ್ಲಿ ಮಾರಿಸೋಲ್ ಎಂಬ ಹೆಂಗಸು ಎದುರಿಗೆ ಕೂರಿಸಿಕೊಂಡು, ಕಾಫಿ ಕೊಟ್ಟು, ಮೊದಲ ಪ್ರಶ್ನೆ ಕೇಳಿದಳು.

"ಗಾಡಿಯಲ್ಲಿ ಏನು ಕೆಲಸ ಮಾಡ್ತೀರಾ ಮೇಡಂ?"

"ನೆರೆಹೊರೆಯೋರ ಕರು ಸಾಗಿಸ್ತೀನಿ. ಡೀಸೆಲಿಗೆ ಅಂತ ಏನೋ ಕೊಡ್ತಾರೆ."

"ಡೀಸೆಲಿಗೆ ಮಾತ್ರ ಕೊಡ್ತಾರಾ, ಅದರಲ್ಲೇ ನಿಮ್ಮ ಜೀವನವೂ ನಡೆಯುತ್ತಾ?"

ಲವಾನ್ ಕಾಫಿ ಲೋಟ ಕೈಗೆತ್ತಿಕೊಂಡಳು. ಆಮೇಲೆ, ಜೀವನದಲ್ಲೇ ಮೊದಲ ಸಲ, "ಅದರಲ್ಲೇ ನಡೆಯುತ್ತೆ" ಅಂದಳು.

ಮಾರಿಸೋಲ್ ಗೇಲನ್ ಬರೆದ ಕಾಗದವನ್ನು ಓದಿ ಕನ್ನಡಕ ತೆಗೆದಳು. "ನಿಮಗೆ ಬೇಜಾರಾಗುತ್ತೆ, ಆದ್ರೂ ಹೇಳಿಬಿಡ್ತೀನಿ. ಬಾಡಿಗೆ ಕರು ತುಂಬಿದಾಗ ಗಾಡಿ ಮಗುಚಿದ್ದಿದ್ರೆ ಇದರಿಂದ ನಿಮಗೆ ಬಿಡಿಗಾಸೂ ಬರ್ತಿರಲಿಲ್ಲ. ಎದುರಿಗಿನ ಕಾರಲ್ಲಿ ಯಾರಾದ್ರೂ ಸತ್ತಿದ್ರೆ ನಿಮ್ಮ ಮನೆ, ಹುಲ್ಲುಗಾವಲು ಎಲ್ಲಾ ಹೋಗ್ತಿತ್ತು. ಇಷ್ಟು ವರ್ಷ ಸುಮ್ಮನೆ ಕಟ್ಟಿದೀರಿ."

ಲವಾನಳ ಕೈಯಲ್ಲಿದ್ದ ಕಾಫಿ ಆರಿತು. ಹಿಮ ಬೀಳುವಾಗ, ಮಂಜು ಕವಿದಾಗ, ಹಿಂದೆ ಜೀವಂತ ಕರುಗಳ ಭಾರ ಹೊತ್ತು ಇಳಿಜಾರು ಇಳಿದಾಗಲೆಲ್ಲ ಅವಳಿಗಿದ್ದ ಒಂದೇ ಧೈರ್ಯ, ವಿಮೆ ಇದೆಯಲ್ಲ ಅನ್ನುವುದು.

"ಸರಿಯಾದ್ದು ಮಾಡಿಸೋಕೆ ದಾರಿ ಇದೆ" ಎಂದಳು ಮಾರಿಸೋಲ್. "ಹೊಸದಾಗಿ ಬಾಡಿಗೆಗೆ ಇಳಿಯೋರಿಗೆ ರೇಟು ಆಕಾಶಕ್ಕೆ. ಹಳಬರಿಗೆ ಅದರ ಅರ್ಧಕ್ಕೂ ಕಮ್ಮಿ, ನೀವು ಹೋದ ವರ್ಷ ಕಟ್ಟಿದ್ದಕ್ಕಿಂತ ಒಂಚೂರು ಜಾಸ್ತಿ ಅಷ್ಟೇ. ನೀವು ವರ್ಷಗಟ್ಟಲೆ ಬಾಡಿಗೆ ಹೊಡೆದಿದೀರಿ ಅಂತ ನಿಮ್ಮ ಹಳೇ ಗಿರಾಕಿ ಒಬ್ಬರು ಫೋನಲ್ಲಿ ಹೇಳಿದ್ರೆ ಸಾಕು. ಯಾರಿದಾರೆ?"

"ಆರಿನ್ ಹೋಮ್" ಎಂದಳು ಲವಾನ್, ಯೋಚಿಸದೆ. ಆರಿನ್ ಅವಳ ಬೇಲಿಯಾಚೆಯ ಯಜಮಾನ, ಮರ್ಲ್‌ಗೆ ಅಣ್ಣನಂತಿದ್ದವನು. ಎಷ್ಟೋ ವರ್ಷದಿಂದ ಅವನ ಪ್ರತಿಯೊಂದು ಕರುವನ್ನೂ ಹರಾಜಿಗೆ ಒಯ್ದವಳು ಅವಳೇ. ನಾಳೆ ಫೋನ್ ಮಾಡೋಣ ಎಂದು ತೀರ್ಮಾನವಾಯಿತು.

ಲವಾನ್ ನೇರ ಮನೆಗೆ ಹೋಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೆ ಸಿಟ್ಟು ನೆತ್ತಿಗೇರಿದ್ದವಳು ಗೇಲನ್ನನ ಕಚೇರಿಗೆ ನುಗ್ಗಿದಳು.

"ಗೊತ್ತಿತ್ತಾ ನಿಂಗೆ? ಏನಾದ್ರೂ ಆದ್ರೆ ಕಂಪನಿ ಕೈಯೆತ್ತುತ್ತೆ ಅಂತ ಗೊತ್ತಿತ್ತಾ?"

"ಕೂತ್ಕೋ ಮೊದ್ಲು."

"ನಿಂತೇ ಕೇಳ್ತೀನಿ."

ಗೇಲನ್ ಬಾಗಿಲು ಮುಚ್ಚಿ ಬಂದ. "ನಿಜ ಬರೆದಿದ್ರೆ ನಿನ್ ಕೈಲಿ ಕಟ್ಟೋಕಾಗ್ತಿತ್ತಾ? ಮರ್ಲ್ ಹೋಗಿದ್ದ, ಟೆಸ್ ಓದ್ತಾ ಇದ್ಲು. ನಿಂಗೋಸ್ಕರ ಮಾಡ್ದೆ ಕಣೇ. ಅಷ್ಟಕ್ಕೂ ಒಂದಿನ ಆಕ್ಸಿಡೆಂಟ್ ಆಯ್ತಾ? ಇಲ್ಲ ತಾನೆ? ಆಗದೇ ಇರೋದಕ್ಕೆ ದುಡ್ಡು ಬರಲ್ಲ ಅಂತ ಯಾಕೆ ಕೂಗಾಡ್ತೀಯಾ?"

"ಸ್ವಂತ ತಂಗಿಗೂ ಹೀಗೇ ಬರೀತಿದ್ಯಾ?"

"ಟೆಸ್ ಹೋರಿ ಕೊಂಡವನು ನಾನು, ಲವಾನ್. ಮರೀಬೇಡ."

ಅವಳು ಹೊಟ್ಟೆಯಲ್ಲಿದ್ದುದೆಲ್ಲವನ್ನೂ ಕಕ್ಕಿದಳು. ಮಾರಿಸೋಲ್ ಹೇಳಿದ್ದು, ನಾಳೆ ಆರಿನ್‌ಗೆ ಫೋನ್ ಮಾಡುವುದು, ಒಂದನ್ನೂ ಬಿಡಲಿಲ್ಲ. ಕೇಳುತ್ತ ಕೇಳುತ್ತ ಗೇಲನ್ ಮೆತ್ತಗಾದ. ಕೊನೆಗೆ ತಪ್ಪಾಯಿತು ಅಂದ. ಹೊಸ ವಿಮೆ ಸಿಗಲಿ, ಒಳ್ಳೆಯದಾಗಲಿ ಎಂದು ಗಾಡಿಯವರೆಗೂ ಬಂದು ಬೀಳ್ಕೊಟ್ಟ. ಹಳೆಯ ಸ್ನೇಹ ಎಲ್ಲೋ ಒಂದಿಷ್ಟು ಉಳಿದಿದೆ ಎಂದು ಅವಳಿಗೆ ದಾರಿಯುದ್ದಕ್ಕೂ ಸಮಾಧಾನವಾಯಿತು. ಪೆದ್ದಿ!

ಮರುದಿನ ಮಾರಿಸೋಲ್ ತನ್ನ ಮೇಜಿನ ಫೋನಿನ ಧ್ವನಿ ದೊಡ್ಡದು ಮಾಡಿ ಆರಿನ್‌ಗೆ ಕರೆ ಮಾಡಿದಳು. ಲವಾನ್ ಎದುರಿಗೇ ಕೂತಿದ್ದಳು.

"ಲವಾನ್ ಸ್ಟೋಲ್ ಅವರು ನಿಮ್ಮ ದನ ಬಾಡಿಗೆಗೆ ಸಾಗಿಸ್ತಾರಂತಲ್ಲ ಸರ್, ಎಷ್ಟು ವರ್ಷದಿಂದ?"

"ಬಾಡಿಗೇನಾ?" ಆರಿನ್‌ನ ದನಿ ಗಡುಸಾಗಿ ಬಂತು. "ಯಾರಮ್ಮಾ ಹಾಗಂದೋರು? ಬಾಡಿಗೆ ಗೀಡಿಗೆ ಏನಿಲ್ಲ. ಎಲ್ಲೋ ಒಂದ್ಸಲ ನೆರೆಯೋಳು ಅಂತ ಕೈಜೋಡಿಸಿರಬಹುದು. ನಾನಂತೂ ಒಂದು ಕಾಸು ಕೊಟ್ಟಿಲ್ಲ."

"ಒಂದು ಕಾಸೂ ಕೊಟ್ಟಿಲ್ವಾ ಸರ್?"

"ಬೇಕಾದ್ರೆ ಬೈಬಲ್ ಮುಟ್ಟಿ ಹೇಳ್ತೀನಿ."

ಮಾರಿಸೋಲ್ ಫೋನಿಟ್ಟು ಲವಾನಳ ಮುಖ ನೋಡಿದಳು. ಅನುಮಾನದಿಂದಲ್ಲ, ಮರುಕದಿಂದ. ಅದೇ ಹೆಚ್ಚು ಚುಚ್ಚಿತು. "ಹೊಸಬರ ರೇಟು ಬೇಕಾದ್ರೆ ಇವತ್ತೇ ಮಾಡಿಕೊಡ್ತೀನಿ" ಎಂದಳು. ಆ ರೇಟಿನಲ್ಲಿ ಇಡೀ ಸುಗ್ಗಿ ದುಡಿದರೂ ದುಡಿದದ್ದೆಲ್ಲ ವಿಮೆಯ ಬಾಯಿಗೇ ಹೋಗುತ್ತಿತ್ತು.

ಆರಿನ್ ತನ್ನ ದೊಡ್ಡಿಯಲ್ಲಿ ಕರುಗಳನ್ನು ಬೇರ್ಪಡಿಸುತ್ತಿದ್ದ. ಲವಾನಳ ಗಾಡಿ ಕಂಡವನೇ ಹಲ್ಲುಕಿರಿಯುತ್ತ ಬೇಲಿ ಹತ್ತಿರ ಬಂದ.

"ಹೆಂಗೆ ಪಾರು ಮಾಡ್ದೆ ನೋಡಿದ್ಯಾ? ಬೆಳಿಗ್ಗೇನೇ ಗೇಲನ್ ಫೋನ್ ಮಾಡಿದ್ದ. ಇನ್ಶೂರೆನ್ಸ್‌ನೋರು ಲವಾನ್‌ನ ಹಿಡಿಯೋಕೆ ಹೊಂಚು ಹಾಕಿದಾರೆ, ಬಾಡಿಗೆ ಅಂತ ಬಾಯಿಬಿಟ್ರೆ ಅವಳ ಗಾಡಿ ಹೋಯ್ತು ಅಂದ. ನಾನು ಬಿಡ್ತೀನಾ? ಬೈಬಲ್‌ನೇ ಎಳೆದು ತಂದೆ!"

ನಿನ್ನೆ ಗಾಡಿಯವರೆಗೂ ಬಂದು ಬೀಳ್ಕೊಟ್ಟ ಗೇಲನ್ ಲವಾನಳ ಅನ್ನಕ್ಕೆ ಕಲ್ಲು ಹಾಕಿದ್ದ, ಅದೂ ಅವಳನ್ನು ಪ್ರೀತಿಸುವವನ ಕೈಯಿಂದಲೇ ಹಾಕಿಸಿದ್ದ. ಬಾಡಿಗೆಯ ಮಾತು ಒಮ್ಮೆ ಹೊರಬಿದ್ದರೆ ತಾನು ಬರೆದ ಸುಳ್ಳುಗಳೆಲ್ಲ ಹೊರಬೀಳುತ್ತವೆಂದು ಅವನಿಗೆ ಗೊತ್ತಿತ್ತು. ಅವಳು ಅದನ್ನೆಲ್ಲ ಆರಿನ್‌ಗೆ ಬಿಡಿಸಿ ಹೇಳಿದಳು. ಆರಿನ್‌ನ ನಗು ಇಳಿಯಿತು. ಟೋಪಿ ತೆಗೆದು ಹಣೆ ಒರೆಸಿಕೊಂಡ.

"ಥೂ ಅವನ! ನಂಗೇನು ಗೊತ್ತಮ್ಮಾ..."

"ನಿಮ್ಮ ತಪ್ಪಿಲ್ಲ. ಈಗ ಫೋನ್ ಮಾಡಿ ನಿಜ ಹೇಳಿಬಿಡಿ. ಅಷ್ಟು ಸಾಕು ನಂಗೆ."

ಆರಿನ್ ಕರುಗಳ ಕಡೆ ನೋಡಿದ. ಬೂಟಿನಿಂದ ಮರಳು ಕೆದಕಿದ. ಅವನ ಮೂರು ಗಾಡಿಗಳ ವಿಮೆಯೂ ಗೇಲನ್ನನ ಹತ್ತಿರವೇ ಇತ್ತು. ಕೂಲಿಯವರು ಓಡಿಸುವ ಗಾಡಿಗಳು, ಕಾಗದದಲ್ಲಿ ಮಾತ್ರ ಮನೆಯವರು ಓಡಿಸುವಂಥವು. ಅದು ಲವಾನಳಿಗೂ ಗೊತ್ತು, ಅವಳ ಉಳಿದ ಗಿರಾಕಿಗಳ ಗಾಡಿಗಳ ಕಥೆಯೂ ಇದೇ.

"ಒಂದನ್ನ ಎಳೆದ್ರೆ ಎಲ್ಲಾ ಬಿಚ್ಚಿಕೊಳ್ಳುತ್ತೆ ಲವಾನ್. ಸುಗ್ಗಿ ಮುಗೀಲಿ ತಡಿ. ಆಮೇಲೆ ನೋಡೋಣ."

"ಸುಗ್ಗಿ ಮುಗಿದ ಮೇಲೆ ನಂಗ್ಯಾಕೆ ಇನ್ಶೂರೆನ್ಸು?"

ಅವನು ಮತ್ತೆ ಕರುಗಳತ್ತ ತಿರುಗಿದ. ಗೇಲನ್ ಮಾಡಿದ್ದು ಮೋಸ, ಅದನ್ನು ಬೈದು ತೀರಿಸಿಕೊಳ್ಳಬಹುದಿತ್ತು. ಈ ಮನುಷ್ಯ ಎಲ್ಲ ತಿಳಿದೂ, ಬಿಸಿಲಲ್ಲಿ ಎದುರಿಗೇ ನಿಂತು, ಮುಖ ತಿರುಗಿಸಿದ್ದು ಬೈದರೆ ತೀರುವಂಥದ್ದಾಗಿರಲಿಲ್ಲ. ಬೆಳಿಗ್ಗೆ ಅವಳನ್ನು ಉಳಿಸಲು ಸುಳ್ಳು ಹೇಳಿದ ನಾಲಿಗೆ, ಈಗ ಅವಳನ್ನು ಉಳಿಸಲು ನಿಜ ಹೇಳಲೊಲ್ಲದು.

"ಅಂದಹಾಗೆ," ಆರಿನ್ ಗಂಟಲು ಸರಿಮಾಡಿಕೊಂಡ, "ಬುಧವಾರ ಈ ಕರುಗಳು ಹರಾಜಿಗೆ ಹೋಗ್ಬೇಕು. ಬರ್ತೀಯಲ್ಲಾ?"

"ಬಾಡಿಗೆ ಕರುಗೆ ಇನ್ಶೂರೆನ್ಸ್ ಇಲ್ದೆ ಹ್ಯಾಗೆ ಬರ್ಲಿ?"

"ಅಯ್ಯೋ, ಇಲ್ಲೇ ಹರಾಜಿನ ಅಂಗಳದವರೆಗೆ ತಾನೆ! ಹಗಲು ಹೊತ್ತು, ಒಣ ರಸ್ತೆ. ಇಷ್ಟು ದಿನ ಏನಾಯ್ತು?"

ಲವಾನ್ ಅವನನ್ನೇ ನೋಡಿದಳು. "ಬರ್ತೀನಿ. ಒಂದ್ ಮಾತು ಹೇಳಿ. ದಾರೀಲಿ ಏನಾದ್ರೂ ಆಗಿಹೋದ್ರೆ, ಟ್ರೇಲರ್‌ನಲ್ಲಿದ್ದ ಕರು ನಿಮ್ಮವು ಅಂತಾದ್ರೂ ಹೇಳ್ತೀರಾ?"

ಆರಿನ್ ಟೋಪಿಯನ್ನು ಮತ್ತೆ ತಲೆಗೇರಿಸಿ, ಕಣ್ಣಿನವರೆಗೂ ಎಳೆದುಕೊಂಡ. "ಅಂಥಾದ್ದೇನೂ ಆಗಲ್ಲ ಬಿಡು" ಎಂದ.

ಅವಳು ಗಾಡಿ ಹತ್ತಿ ತಿರುಗಿಸಿದಳು. ಆರಿನ್ ತಾನೇ ಓಡಿಬಂದು ಗೇಟು ತೆರೆದು, ಅದರ ಪಕ್ಕ ಕೈಯೆತ್ತಿ ನಿಂತ. ಆ ಸೀಮೆಯಲ್ಲಿ ಎದುರಿಗೆ ಗುರುತೇ ಇಲ್ಲದವನು ಸಿಕ್ಕಿದರೂ ನಮಸ್ಕಾರಕ್ಕೆಂದು ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿ ಹೋಗುತ್ತಾರೆ, ಜಗಳವಾಡಿದವರೂ ಎತ್ತುತ್ತಾರೆ. ಲವಾನ್ ಎರಡೂ ಕೈಯಲ್ಲಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ಅವನನ್ನು ದಾಟಿಹೋದಳು. ಬುಧವಾರ ಅವಳು ಹೋಗಲಿಲ್ಲ.