ಟೀಚರಮ್ಮನಿಗೆ ಯಾವ ಟರ್ಬೊ?

೧
ಎಲ್ಲಿಂದ ಶುರು ಮಾಡಲಿ? ಎಂಜಿನ್ನಿನಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ಗಂಡಹೆಂಡಿರಿಂದ ಶುರು ಮಾಡಿದರೆ ಎಂಜಿನ್ ಬರುವಷ್ಟರಲ್ಲಿ ಜಗಳ ಮುಗಿದಿರುತ್ತದೆ. ಇರಲಿ, ಶೋರೂಮಿನ ಬಾಗಿಲಿಂದ ಶುರು ಮಾಡೋಣ, ಅಲ್ಲಿ ಎರಡೂ ಸಿಗುತ್ತವೆ.

೨
ಟೀಚರಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಊರಿಗೆಲ್ಲ ಕಾರು ಕಲಿಸಿ ಈಗಷ್ಟೇ ನಿವೃತ್ತಿಯಾದವಳು. ಅಷ್ಟೂ ವರ್ಷ ಪಕ್ಕದ ಸೀಟಿನಲ್ಲಿ, ಕಲಿಸುವವರಿಗೆಂದೇ ಇರುವ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕಳೆದಿದ್ದಾಳೆ. ಸ್ವಂತ ಕಾರು ಇದೇ ಮೊದಲು. ದಿನವೂ ತಾನೇ ಓಡಿಸಬೇಕು ಅನ್ನುವುದೊಂದೇ ಅವಳ ಆಸೆ: ಮಾರ್ಕೆಟ್ಟಿಗೆ, ತಂಗಿಯ ಮನೆಗೆ, ಸುಮ್ಮನೆ ಎಲ್ಲಿಗಾದರೂ.

ಗಂಡ ಕನ್ನಡಕದಂಗಡಿಯವನು. ಕ್ಲಚ್ ಬಿಡುವುದನ್ನೂ ಪ್ರೀತಿಸುವುದನ್ನೂ ಅವಳಿಂದಲೇ ಕಲಿತ ಹಳೇ ಶಿಷ್ಯ. (ಮೊದಲನೆಯದು ಇನ್ನೂ ಸರಿಯಾಗಿ ಬಂದಿಲ್ಲ.) ಗಿರಾಕಿಯ ಕಣ್ಣಿಗೆ ಗಾಜು ಬದಲಿಸುತ್ತಾ "ಇದು ಸ್ಪಷ್ಟವೋ, ಅದು ಸ್ಪಷ್ಟವೋ" ಎಂದು ಕೇಳಿ ಕೇಳಿ ಅವನಿಗೆ ಎಲ್ಲದರಲ್ಲೂ ಎರಡೇ ಆಯ್ಕೆ ಕಾಣುತ್ತವೆ. ಹಾಗಾಗಿ ಒಂದು ಲೀಟರಿನ ಪುಟ್ಟ ಟರ್ಬೊ ಎಂಜಿನ್ನಿನ ಕಾರು, ಇಲ್ಲವೇ ಒಂದೂವರೆ ಲೀಟರಿನ ದೊಡ್ಡ ಟರ್ಬೊ. ಪುಟ್ಟದು ಪೆಟ್ರೋಲ್ ಕಮ್ಮಿ ಕುಡಿಯುತ್ತದೆ, ಆದರೆ ಕಾಲು ಒತ್ತಿದ ಮೇಲೆ ಒಂದು ಉಸಿರು ಯೋಚಿಸಿ ಹೊರಡುತ್ತದೆ. ದೊಡ್ಡದು ತಕ್ಷಣ ನುಗ್ಗುತ್ತದೆ. ಸಿಗ್ನಲ್ಲಿಂದ ಸಿಗ್ನಲ್ಲಿಗೆ ನುಗ್ಗಿ ಹೋಗುವುದೆಲ್ಲಿಗೆ ಅನ್ನುವುದು ಬೇರೆ ಮಾತು.

೩
(ಟರ್ಬೊ ಹೇಗೆ ಕೆಲಸ ಮಾಡುತ್ತದೆಂದು ಇಲ್ಲಿ ಉದ್ದಕ್ಕೆ ಬರೆದಿದ್ದೆ. ಓದುತ್ತಾ ನನಗೇ ಆಕಳಿಕೆ ಬಂತು. ಎಂಜಿನ್ ಬಿಡುವ ಹೊಗೆಯೇ ಒಂದು ಚಕ್ರ ತಿರುಗಿಸಿ ಒಳಗೆ ಹೆಚ್ಚು ಗಾಳಿ ಊದುತ್ತದೆ, ಚಕ್ರ ವೇಗ ಹಿಡಿಯಲು ಕೊಂಚ ಹೊತ್ತು ಬೇಕು. ಅಷ್ಟು ಸಾಕು.)

೪
ಟೆಸ್ಟ್ ಡ್ರೈವ್. ಶೋರೂಮಿನವಳು ಕೀ ಕೊಟ್ಟಳು. ಟೀಚರಮ್ಮ ನೇರ ಹೋಗಿ ಪಕ್ಕದ ಸೀಟಿನಲ್ಲಿ ಕೂತು, ಬೆಲ್ಟ್ ಬಿಗಿದು, "ಹೂಂ, ಸ್ಟಾರ್ಟ್ ಮಾಡಿ" ಅಂದಳು. ಶಿಷ್ಯ ಸ್ಟಾರ್ಟ್ ಮಾಡಿದ. ಪುಟ್ಟದರಲ್ಲಿ ಹೋಗಿ ಬಂದರು, ದೊಡ್ಡದರಲ್ಲೂ ಹೋಗಿ ಬಂದರು. ಕಾರು ಯಾರಿಗೆ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. (ನನಗೂ. ಗಂಡ ದೊಡ್ಡದನ್ನು ಆರಿಸಿದ, ಇಬ್ಬರೂ ಸುಖವಾಗಿದ್ದರು ಎಂದು ಕಥೆ ಮುಗಿಸಿಯೂ ಬಿಟ್ಟಿದ್ದೆ.)

ಟೀಚರಮ್ಮ ಆ ಸಾಲು ಓದಿ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ನನ್ನ ಕಾರಲ್ಲೂ ನನ್ನನ್ನ ಪಕ್ಕದಲ್ಲೇ ಕೂರಿಸ್ತೀರಾ?"

ನೀವೇ ಹೋಗಿ ಕೂತಿರಲ್ಲ ಅಂದೆ.

"ಅಭ್ಯಾಸ ಬಲ. ನೀವಾದ್ರೂ ಹೇಳಬಾರದಿತ್ತಾ?"

ಮಾತು ಸರಿ. ಕಥೆಗಾರ ಅನ್ನಿಸಿಕೊಂಡ ಮೇಲೆ ಅಷ್ಟಾದರೂ ಮಾಡಬೇಕು. ಆ ಅಂತ್ಯವನ್ನು ಹೊಡೆದುಹಾಕಿದೆ.

೪, ಮತ್ತೊಮ್ಮೆ
ಅವಳು ಪುಟ್ಟದರ ಕೀ ಮತ್ತೆ ಕೇಳಿ ಪಡೆದಳು. ಗಂಡ ಆಗಲೇ ಸ್ಟೀರಿಂಗ್ ಮುಂದೆ ಕೂತಿದ್ದ. ಅವಳು ಅವನ ಕಡೆಯ ಬಾಗಿಲು ತೆಗೆದು ಸುಮ್ಮನೆ ನಿಂತಳು. ಅರ್ಥವಾಗಲು ಅವನಿಗೆ ಒಂದು ಉಸಿರು ಬೇಕಾಯಿತು. (ಈ ಮನುಷ್ಯನೂ ಪುಟ್ಟ ಟರ್ಬೊನೇ. ಅದಕ್ಕೇ ಅವಳಿಗೆ ಇಷ್ಟ, ನನಗೂ ಇಷ್ಟ.)

"ಅಯ್ಯೋ ಟೀಚರ್, ಇದು ನಿಂದಲ್ವಾ," ಎಂದು ಇಳಿದ.

ಅವಳು ಕೂತು, ಸೀಟು ಮುಂದೆಳೆದುಕೊಂಡು ಸ್ಟೀರಿಂಗ್ ಹಿಡಿದಳು. ಬಲು ಖುಷಿಯಾಯಿತು.

೫
ಸಿಗ್ನಲ್ಲಿನ ಕೆಂಪು. ಪಕ್ಕದ ಸೀಟಿನಲ್ಲಿ ಇಲ್ಲದ ಬ್ರೇಕನ್ನು ಗಂಡನ ಕಾಲು ಒತ್ತುತ್ತಿತ್ತು.

"ಕಾಲೆತ್ತಿ ರೀ, ಅಲ್ಲೇನೂ ಇಲ್ಲ. ನಾನಿದ್ದೀನಿ."

ಅವನು ಕಾಲೆತ್ತಿದ. ಆಮೇಲೆ ಮೆಲ್ಲಗೆ, ಇದೋ ಅದೋ ಎಂದು ಕೇಳಿದ. ನೀವೂ ಅದನ್ನೇ ಕೇಳುತ್ತಿದ್ದೀರಿ. "ದೊಡ್ಡದನ್ನೂ ನಾನೇ ಓಡಿಸಿ ಹೇಳ್ತೀನಿ" ಅಂದಳು. ನಾನು ಏನೋ ಹೇಳಲು ಬಾಯಿ ತೆರೆದೆ. ಕನ್ನಡಿಯಲ್ಲಿ ನನ್ನನ್ನು ನೋಡಿ, ಹಿಂದೆ ಕೂತವರು ಬೆಲ್ಟ್ ಹಾಕಿಕೊಂಡು ಸುಮ್ಮನಿರಬೇಕು ಅಂದಳು.

ಹಸಿರು ಬಿತ್ತು. ಅವಳು ಕಾಲು ಒತ್ತಿದ್ದಾಳೆ. ಕಾರು ಇನ್ನೂ ಯೋಚಿಸುತ್ತಿದೆ. ಹಿಂದೆ ನನ್ನ ಪಕ್ಕ ಜಾಗ ಇದೆ, ನೀವೂ ಹತ್ತಿ ಕೂತುಕೊಳ್ಳಿ.