ದತ್ತಾತ್ರಿ ಟೊಪ್ಪಿಗೆ ತೆಗೆದದ್ದು

ಆ ಅಂಗಿ ಕಣ್ಣಿಗೆ ಬಿದ್ದರೆ ಸಾಕು, ಸುಂದರಬಾಯಿಗೆ ಮೈಯೆಲ್ಲ ಉರಿಯುತ್ತಿತ್ತು. ಅದೂ ಒಂದು ಅಂಗಿಯೇ? ತೋಳು ಮೊಣಕೈಗೂ ಮುಟ್ಟುವುದಿಲ್ಲ, ಕೊರಳು ಎದೆಯ ತನಕ ಬಾಯಿ ಬಿಟ್ಟುಕೊಂಡಿರುತ್ತದೆ, ಸಾಲದ್ದಕ್ಕೆ ಮೈತುಂಬ ಹಳದಿ ಎಲೆಗಳು. ಓದುವ ಹುಡುಗರು ಅಂಥದ್ದನ್ನು ಹಾಕಿಕೊಂಡು ಊರ ನಡುವಿನ ಚೌಬಾರ ಗೋಪುರದ ಸುತ್ತ ತಿರುಗಲಿ, ಬೇಡ ಅಂದವರು ಯಾರು? ಆದರೆ ಕಚೇರಿಯಲ್ಲಿ ಸಾಹೇಬರ ಮುಂದೆ ಕಾಗದ ಇಡುವ ಪೇಶಕಾರ, ಮದುವೆಗೆ ಬಂದ ಮಗಳ ತಂದೆ, ಮೀಸೆ ನರೆತ ಗಂಡಸು ಹಾಕಿಕೊಂಡರೆ ಹೆಂಡತಿಯಾದವಳು ಎಲ್ಲಿ ಮುಖ ಇಟ್ಟುಕೊಳ್ಳಬೇಕು?

ಅಂಗಿಯನ್ನಾದರೂ ಹೇಗೋ ನುಂಗಿಕೊಳ್ಳಬಹುದಿತ್ತು. ತಲೆಯದ್ದು ನುಂಗುವ ಹಾಗಿರಲಿಲ್ಲ. ಗಂಡ ದತ್ತಾತ್ರಿ ಟೊಪ್ಪಿಗೆ ತೆಗೆದುಬಿಟ್ಟಿದ್ದ.

ಮದುವೆಯಾದಾಗಿನಿಂದ ಅವಳು ನೋಡಿದ ಗಂಡ ಬೇರೆಯೇ ಇದ್ದ. ಕರಿ ಶೇರವಾನಿ, ಗಂಟಲವರೆಗೆ ಗುಂಡಿ, ಮೇಲೆ ಕೊರಳಪಟ್ಟಿಯ ಕೊಕ್ಕೆ, ತಲೆಗೆ ಕರಿ ಟೊಪ್ಪಿಗೆ. ಬೇಸಿಗೆಯಲ್ಲಿ ಬೀದರಿನ ಕೆಂಪು ಕಲ್ಲು ಕಾದು ಕೆಂಡವಾದರೂ ಒಂದು ಗುಂಡಿ ಬಿಚ್ಚಿದವನಲ್ಲ. ಸಂತಪುರದ ಕುರಿ ಕಾಯುವ ಧೊಂಡಿಬಾನ ಮಗ ಉರ್ದು ಕಲಿತು ನಿಜಾಮರ ಕಚೇರಿಗೆ ಸೇರಿದ್ದು ಸಣ್ಣ ಮಾತೇ? ಆ ದೊಡ್ಡ ಮಾತನ್ನು ಅವನು ಮೈಮೇಲೆ ಹೊತ್ತುಕೊಂಡೇ ತಿರುಗಿದ. ಕೊರಳಪಟ್ಟಿ ಒತ್ತಿ ಒತ್ತಿ ಗಂಟಲ ಮೇಲೆ ಒಂದು ಕಂದು ಗೆರೆ ಬಿದ್ದಿತ್ತು. ಎಣ್ಣೆ ಸ್ನಾನದ ದಿನ ಸುಂದರಬಾಯಿ ಎಷ್ಟು ತಿಕ್ಕಿದರೂ ಅದು ಹೋಗುತ್ತಿರಲಿಲ್ಲ.

ಆಮೇಲೆ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಗೆ ಹೊಸ ಸಾಹೇಬ ಬಂದ. ಹುಡುಗ ವಯಸ್ಸು, ಬಿಳಿ ಅಂಗಿ, ಬರಿತಲೆ. ಮೊದಲ ದಿನ ದತ್ತಾತ್ರಿ ಬಾಗಿಲಲ್ಲಿ ನಿಂತು ಟೊಪ್ಪಿಗೆ ನೆಟ್ಟಗೆ ಮಾಡಿಕೊಳ್ಳುತ್ತಿದ್ದರೆ, ಒಳಗೆ ಬನ್ನಿ, ಈ ಸೆಕೆಯಲ್ಲಿ ಕತ್ತು ಯಾಕೆ ಬಿಗಿದುಕೊಂಡಿದ್ದೀರಿ ಎಂದು ಸಾಹೇಬ ಕೇಳಿದನಂತೆ. ಕೇಳಿದ್ದು ಅಷ್ಟೇ. ಕೇಳಿದವನಿಗೆ ಆ ಸಂಜೆಯೇ ಮರೆತಿರಬೇಕು. ಇವನು ಮಾತ್ರ ಆ ಸಂಜೆಯೇ ದರ್ಜಿ ಕರೀಮ ಸಾಬನ ಅಂಗಡಿಗೆ ಹೋಗಿ ಬುಶ್‌ಶರ್ಟಿಗೆ ಅಳತೆ ಕೊಟ್ಟು, ಟೊಪ್ಪಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದ. ಇವನ ಅಷ್ಟೂ ಶೇರವಾನಿ ಹೊಲಿದ ಕರೀಮ ಸಾಬ ಟೇಪು ಕೆಳಗಿಟ್ಟು, ಕೂಡ್ರಿಸಿ ನೀರು ಕೊಟ್ಟು, ಮೆತ್ತಗೆ ಕೇಳಿದ್ದನಂತೆ: “ಮನ್ಯಾಗ ಎಲ್ಲಾ ಖೈರಿಯತ್ ಅದಾ ಇಲ್ರಿ ಸಾಹೇಬ್ರಾ?”

ಅವನು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಈ ಸೀಮೆಯಲ್ಲಿ ಸಂಸಾರಸ್ಥ ಗಂಡಸು ಬರಿತಲೆಯಲ್ಲಿ ಬೀದಿಗೆ ಇಳಿಯುವುದು ಮನೆಯಲ್ಲಿ ಸಾವಾದಾಗ ಮಾತ್ರ. ತಂದೆ ಹೋದರೆ ಮಗ ತಲೆಯ ಮೇಲಿನದನ್ನು ತೆಗೆದಿಡುತ್ತಾನೆ. ದಿನಕರ್ಮದ ದಿವಸ ಬೀಗರು ಬಂದು ತಲೆಗೆ ಹೊಸ ಪಟಕಾ ಸುತ್ತಿದ ಮೇಲೆಯೇ ಅವನ ಸೂತಕ ಮುಗಿದಂತೆ. ಹೊಸ ಸಾಹೇಬನಿಗೆ ಇದೆಲ್ಲ ಗೊತ್ತಿಲ್ಲ, ಬಿಡಿ. ಸಂತಪುರದಲ್ಲಿ ಹುಟ್ಟಿದವನಿಗೂ ಗೊತ್ತಿಲ್ಲವೇ? ತರಕಾರಿ ಮಾರುವವಳು ಸುಂದರಬಾಯಿಯ ಕೈ ಹಿಡಿದು ಕಣ್ಣೀರು ತೆಗೆದಳು. ಪಕ್ಕದ ಮನೆಯ ಸುಗರಾ, ಸಾವಿನ ಮನೆಯಲ್ಲಿ ಒಲೆ ಹಚ್ಚಿರಲಿಕ್ಕಿಲ್ಲವೆಂದು ರೊಟ್ಟಿ ಪಲ್ಯ ಕಳಿಸಿದಳು. ಯಾರೂ ಸತ್ತಿಲ್ಲ, ಯಾರೂ ಸತ್ತಿಲ್ಲ ಎಂದು ಹೇಳಿ ಹೇಳಿ ಸುಂದರಬಾಯಿಯ ಬಾಯಿ ಸೋತಿತು. ಗಂಡನ ಮುಂದೆ ಗೋಳು ಹೇಳಿಕೊಂಡರೆ ಅವನು ರೊಟ್ಟಿ ಚೆನ್ನಾಗಿದೆ ಅಂದ.

ಇಷ್ಟೇ ಆಗಿದ್ದರೆ ಅವಳು ಹಣೆ ಚಚ್ಚಿಕೊಂಡು ಸುಮ್ಮನಾಗುತ್ತಿದ್ದಳೇನೋ. ಆದರೆ ಮಗಳು ಶಾಲುಬಾಯಿಯ ಮದುವೆಯ ಮಾತು ನಡೆದಿತ್ತು. ಹುಡುಗ ಭಾಲ್ಕಿಯವನು, ಗೋರಖನಾಥ, ಸಾಲಿ ಮಾಸ್ತರ. ಶಾಲು ಅವನನ್ನು ಒಂದು ಮದುವೆಯಲ್ಲಿ ನೋಡಿದ್ದಳು. ಅಂದಿನಿಂದ ಬೇರೆ ಯಾವ ಗಂಡಿನ ಸುದ್ದಿ ಬಂದರೂ ಅವಳಿಗೆ ತಲೆನೋವು ಬರುತ್ತಿತ್ತು. ಹುಡುಗನ ತಂದೆ ನರಸಿಂಗರಾವ ಮಾತ್ರ ಹೂಂ ಅನ್ನುವವನೂ ಅಲ್ಲ, ಉಹೂಂ ಅನ್ನುವವನೂ ಅಲ್ಲ. ದೀಪಾವಳಿಗೆ ಕೇಳಿದರೆ ಸಂಕ್ರಾಂತಿ ಆಗಲಿ ಅಂದ. ಸಂಕ್ರಾಂತಿಗೆ ಕೇಳಿದರೆ ಶಿವರಾತ್ರಿ ಆಗಲಿ ಅಂದ. ಈ ಸಲ ಸ್ವತಃ ಹೋಗಿ, ಕೂತು, ಮಾತು ತೆಗೆದುಕೊಂಡೇ ಏಳಬೇಕೆಂದು ಸುಂದರಬಾಯಿ ಹಟ ಹಿಡಿದಳು. ಹೊರಡುವ ದಿನ ಶೇರವಾನಿಗೆ ಇಸ್ತ್ರಿ ಮಾಡಿಸಿ, ಟೊಪ್ಪಿಗೆಗೆ ಬ್ರಶ್ಶು ಉಜ್ಜಿ ಮಂಚದ ಮೇಲೆ ಇಟ್ಟಳು. ದತ್ತಾತ್ರಿ ಸ್ನಾನ ಮಾಡಿ ಬಂದವನು ಅವನ್ನು ಪಕ್ಕಕ್ಕೆ ಸರಿಸಿ ಹಳದಿ ಎಲೆಗಳ ಅಂಗಿ ತೊಟ್ಟುಕೊಂಡ.

“ಒಂದ ದಿನರಿ,” ಅಂದಳು ಸುಂದರಬಾಯಿ. “ಒಂದೇ ದಿನ. ನಿಮ್ಮ ಮಗಳ ಸಲುವಾಗಿ.”

“ಮಗಳನ್ನ ಕೊಡ್ಲಿಕ್ಕಿ ಹೋಗ್ಲತ್ತೀನಿ. ಹಾಜರಿ ಹಾಕ್ಲಿಕ್ಕಿ ಅಲ್ಲ,” ಅಂದ ದತ್ತಾತ್ರಿ.

ಬಸ್ಸು ನೌಬಾದ ದಾಟುವಷ್ಟರಲ್ಲಿ ಪಕ್ಕದಲ್ಲಿ ಕೂತ ಮುದುಕ ಇವನ ಬೆನ್ನು ಸವರಿ, ಧೈರ್ಯ ತಗೋ ಅಂದ. ದತ್ತಾತ್ರಿ ಅದಕ್ಕೂ ನಕ್ಕ. ಸುಂದರಬಾಯಿ ಕಿಟಕಿಯ ಕಡೆ ಮುಖ ತಿರುಗಿಸಿ, ಸೆರಗು ಹಣೆಯ ಮೇಲೆಳೆದುಕೊಂಡು ಕೂತಳು. ಧೂಳಿಗೂ ಸಿಟ್ಟಿಗೂ ಅವಳ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು.

ಭಾಲ್ಕಿಯಲ್ಲಿ ಆದದ್ದನ್ನು ನೆನೆಸಿಕೊಂಡರೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯುವುದಿಲ್ಲ. ನರಸಿಂಗರಾವನ ಹೆಂಡತಿ ಕೇಶರಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಿ ನೋಡಿದರೆ ಬಾಗಿಲಲ್ಲಿ ಬರಿತಲೆಯ ದತ್ತಾತ್ರಿ, ಅವನ ಹಿಂದೆ ಕಣ್ಣು ಕೆಂಪಾದ ಸುಂದರಬಾಯಿ. ಇಂಥ ಹೊತ್ತಿನಲ್ಲಿ ನಮ್ಮ ಕಡೆ ಯಾರು ಹೋದರು, ಏನಾಗಿತ್ತು ಎಂದು ಮೊದಲೇ ಕೇಳುವ ಪದ್ಧತಿ ಇಲ್ಲ. ಮೊದಲು ಅಳಬೇಕು. ಕೇಳುವುದೆಲ್ಲ ಆಮೇಲೆ. ಕೇಶರಬಾಯಿ ಮೊರ ಬಿಟ್ಟು, ಎದೆಗೆ ಕೈ ಹಚ್ಚಿ ದನಿ ತೆಗೆದಳು. ದನಿ ಕೇಳಿ ಬಚ್ಚಲಿನಿಂದ ನರಸಿಂಗರಾವ ಹೊರಬಂದ. ಒದ್ದೆ ಮೈ, ಹೆಗಲ ಮೇಲೆ ಪಂಚೆ, ತಲೆ ಬರಿದು, ನೀರು ತೊಟ್ಟಿಕ್ಕುತ್ತಿದೆ.

ಸುಂದರಬಾಯಿಯ ಜೀವ ಝಲ್ಲೆಂದಿತು. ಅಯ್ಯೋ, ಇವರ ಮನೆಯಲ್ಲೇ ಯಾರೋ ಹೋಗಿದ್ದಾರೆ, ಸಾವಿನ ಸ್ನಾನ ಮಾಡಿ ಬಂದಿದ್ದಾನೆ. ಅವಳು ಓಡಿ ಕೇಶರಬಾಯಿಯನ್ನು ತಬ್ಬಿಕೊಂಡು ತಾನೂ ಅತ್ತಳು. ದತ್ತಾತ್ರಿ ನರಸಿಂಗರಾವನ ಕೈ ಹಿಡಿದು ಗದ್ಗದಿತನಾದ. ನರಸಿಂಗರಾವನೂ ಗದ್ಗದಿತನಾದ. ಹಿರಿಯರು, ಆಯುಷ್ಯ ತೀರಿತ್ತು ಎಂದು ಒಬ್ಬ ಅಂದರೆ, ಹೌದು, ಯಾರ ಕೈಯಲ್ಲಿದೆ ಎಂದು ಇನ್ನೊಬ್ಬ ಅಂದ. ಓಣಿಯ ಹೆಂಗಸರೂ ಬಂದು ಸೇರಿಕೊಂಡರು. ಸಾವಿನ ಮನೆಯಲ್ಲಿ ಚಹಾ ಕುಡಿಯಬಾರದೆಂದು ಇವರು ಕೇಳಲಿಲ್ಲ, ಸೂತಕದವರಿಗೆ ಚಹಾ ಕೊಡಬಾರದೆಂದು ಅವರು ಕೊಡಲಿಲ್ಲ. ಹೋಗಿ ಬರುತ್ತೇವೆ ಅನ್ನಬಾರದೆಂದು ಇಬ್ಬರೂ ಸುಮ್ಮನೆ ಎದ್ದು ಬಂದರು.

ತಿರುಗಿ ಬರುವ ಬಸ್ಸಿನಲ್ಲಿ ಸುಂದರಬಾಯಿಗೆ ದುಃಖಕ್ಕಿಂತ ಸಂಕಟವೇ ಹೆಚ್ಚಾಯಿತು. ಸಾಯುವವರಿಗೆ ಬೇರೆ ವೇಳೆ ಸಿಗಲಿಲ್ಲವೇ? ಇನ್ನು ವರ್ಷ ತಿರುಗುವವರೆಗೆ ಆ ಮನೆಯಲ್ಲಿ ಮದುವೆಯ ಮಾತು ಎತ್ತುವ ಹಾಗಿಲ್ಲ. ಅಷ್ಟರಲ್ಲಿ ಮಾಸ್ತರ ಹುಡುಗನನ್ನು ಬೇರೆ ಯಾರೋ ಹಾರಿಸಿಕೊಂಡು ಹೋಗುತ್ತಾರೆ. ಶಾಲು ಸುದ್ದಿ ಕೇಳಿ ಅಡುಗೆಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಯಾರು ಹೋದದ್ದು ಎಂದು ದತ್ತಾತ್ರಿ ಕೇಳಿದ. ನರಸಿಂಗರಾವನ ತಾಯಿಯೇ ಇರಬೇಕು ಅಂದಳು ಸುಂದರಬಾಯಿ. ಆ ಮುದುಕಿ ಪಡಸಾಲೆಯಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದದ್ದು ಇಬ್ಬರಿಗೂ ನೆನಪಾಗಲಿಲ್ಲ.

ದಿನಗಳು ಕಳೆದವು. ಒಂದು ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಕೋಲು ಕುಟ್ಟಿದ ಸದ್ದಾಯಿತು. ನೋಡಿದರೆ ಮಾವ ಧೊಂಡಿಬಾ. ಹೆಗಲ ಮೇಲೆ ಕಂಬಳಿ, ತಲೆಗೆ ಬಣ್ಣ ಹೋದ ಕೆಂಪು ಪಟಕಾ. ಅವನ ಹಿಂದೆ, ನೆಲದೊಳಗೆ ಇಳಿದುಹೋದರೆ ಸಾಕು ಅನ್ನುವ ಮುಖ ಹೊತ್ತು ನರಸಿಂಗರಾವ. ಅವನ ಎರಡೂ ಕೈಗಳ ಮೇಲೆ ಮಡಿಕೆ ಬಿಚ್ಚದ ಹೊಸ ಬಿಳಿ ಪಟಕಾ.

“ನಾ ಸತ್ತೀನಂತಲ್ಲೋ ದತ್ತಾ,” ಅಂದ ಧೊಂಡಿಬಾ. “ನನಗೂ ಒಂದ ಮಾತ ಹೇಳಬೇಕಿಲ್ಲೇನು?”

ಆಮೇಲೆ ಒಂದೊಂದಾಗಿ ಹೊರಬಿತ್ತು. ದತ್ತಾತ್ರಿ ಬೇರೆ ನೆಂಟರ ಬಾಗಿಲಿಗೂ ಹೋಗದೆ ಸ್ವತಃ ತಮ್ಮ ಮನೆಗೇ ದುಃಖ ತಂದನಲ್ಲ, ಇಂಥವನನ್ನು ಇಷ್ಟು ದಿನ ಕಾಯಿಸಿದೆವಲ್ಲ ಎಂದು ಕೇಶರಬಾಯಿ ಗಂಡನ ಜೀವ ತಿಂದಿದ್ದಳು. ನರಸಿಂಗರಾವನ ಮನಸ್ಸೂ ಕರಗಿತ್ತು. ದಿನಕರ್ಮದ ಲೆಕ್ಕ ಹಿಡಿದು, ಪಟಕಾ ಕೊಂಡು, ಔರಾದಿಗೆ ಹೋಗಿ ಅಲ್ಲಿಂದ ಸಂತಪುರದ ಬಸ್ಸು ಹತ್ತಿದ್ದ. ಊರಿಗೆ ಹೋಗಿ ನೋಡಿದರೆ ತೀರಿಕೊಂಡವನು ಕಟ್ಟೆಯ ಮೇಲೆ ಕೂತು ಕುರಿಯ ಉಣ್ಣೆ ಕತ್ತರಿಸುತ್ತಿದ್ದ.

ಸುಂದರಬಾಯಿ ಗಂಡನನ್ನು ನೋಡಿದಳು. ನೋಡಿದ ನೋಟಕ್ಕೆ ಬೆಂಕಿ ಹತ್ತಬೇಕಿತ್ತು. ಇಷ್ಟಕ್ಕೆಲ್ಲ ಕಾರಣ ಆ ತಲೆ. ಬಾಚಿದ, ಎಣ್ಣೆ ಹಚ್ಚಿದ, ಗಾಳಿಗೆ ಒಡ್ಡಿಕೊಂಡ ತಲೆ. ನರಸಿಂಗರಾವ ಈಗ ಸಿಟ್ಟಾಗಿ ಎದ್ದುಹೋದರೆ ಶಾಲುವಿನ ಗತಿ ಅಲ್ಲಿಗೆ ಮುಗಿಯಿತು.

ನರಸಿಂಗರಾವ ಸಿಟ್ಟಾಗುವ ಸ್ಥಿತಿಯಲ್ಲೇ ಇರಲಿಲ್ಲ. ಅವನ ಸಂಕಟ ಬೇರೆ. ಸಾವಿನ ಮನೆಗೆಂದು ಹೊಸ್ತಿಲು ದಾಟಿಸಿದ ಪಟಕಾವನ್ನು ತಿರುಗಿ ಮನೆಗೆ ಒಯ್ಯುವಂತಿಲ್ಲ. ಒಯ್ದರೆ ಸಾವನ್ನೇ ಒಯ್ದಂತೆ. ಅದನ್ನು ಯಾರದಾದರೂ ತಲೆಗೆ ಸುತ್ತಿಯೇ ಹೋಗಬೇಕು. ಮಗನ ತಲೆಗೆ ಸುತ್ತೋಣವೆಂದರೆ ಅಪ್ಪ ಎದುರಿಗೇ ಕೂತಿದ್ದಾನೆ.

ಧೊಂಡಿಬಾ ತಂಬಾಕು ತಿಕ್ಕುತ್ತ ಕೇಳಿದ: “ಪಟಕಾ ತರೋರು ಯಾರ್ರಿ, ನರಸಿಂಗರಾವ?”

“ಬೀಗರು ತರ್ತಾರರಿ.”

“ನೀವು ತಂದೀರಿ. ಓಣಿ ಮಂದಿ ನೋಡ್ಯಾರೋ ಇಲ್ಲೋ?”

“ನೋಡ್ಯಾರರಿ.”

“ಹಂಗಾರ ಬೀಗರಾದ್ರಿ. ಇನ್ನ ಹ್ಯಾಂಗ ಇಲ್ಲಂತೀರಿ?” ಅಂದ ಮುದುಕ. “ಸೂತಕದ ಪಟಕಾ ಬ್ಯಾಡ. ಬೀಗತನದ್ದು ಅಂತ ಸುತ್ತರಿ.”

ನರಸಿಂಗರಾವ ಒಂದು ಗಳಿಗೆ ಯೋಚಿಸಿದ. ದೀಪಾವಳಿ, ಸಂಕ್ರಾಂತಿ, ಶಿವರಾತ್ರಿ ಎಂದು ಅವನು ಕಟ್ಟಿಕೊಂಡಿದ್ದ ಅಡ್ಡಗೋಡೆಗಳೆಲ್ಲ ಬಿದ್ದುಹೋಗಿದ್ದವು. ಪುಣ್ಯಕ್ಕೆ ಅವನಿಗೂ ಅದರಿಂದ ಹಗುರವಾದಂತೆ ಕಂಡಿತು. ಎದ್ದು ಪಟಕಾದ ಮಡಿಕೆ ಬಿಚ್ಚಿ ದತ್ತಾತ್ರಿಯ ಕಡೆ ನಡೆದ. ಅಡುಗೆಮನೆಯ ಬಾಗಿಲಲ್ಲಿ ಶಾಲುವಿನ ಬಳೆ ಸದ್ದಾಯಿತು.

ದತ್ತಾತ್ರಿ ಎದ್ದು ನಿಂತ. ಬೇಡ ಅನ್ನಲಿಲ್ಲ. ಮಗಳ ಬಳೆಯ ಸದ್ದು ಅವನಿಗೂ ಕೇಳಿಸಿತ್ತು. ತಲೆ ಬಗ್ಗಿಸಿದ. ಕೈ ಮಾತ್ರ ತಾನಾಗಿ ಗಂಟಲಿಗೆ ಹೋಗಿ, ಇಲ್ಲದ ಕೊಕ್ಕೆಯನ್ನು ಹುಡುಕಿತು.

ಸುಂದರಬಾಯಿಯ ಕಣ್ಣು ಆ ಗಂಟಲ ಮೇಲೆ ಬಿತ್ತು. ಕಂದು ಗೆರೆ ಇರಲಿಲ್ಲ. ಇಷ್ಟು ತಿಂಗಳು ಅಂಗಿಯನ್ನು ಬೈಯುವುದರಲ್ಲೇ ಕಳೆದವಳು ಅದನ್ನು ನೋಡಿಯೇ ಇರಲಿಲ್ಲ. ಮದುವೆಯಾದ ವರ್ಷ ಅವನು ಒಮ್ಮೆ ಹೇಳಿದ್ದು ನೆನಪಿಗೆ ಬಂತು. ನೌಕರಿಯ ಮೊದಲ ದಿನ ದಾರಿಯಲ್ಲಿ ಟೊಪ್ಪಿಗೆ ಗಾಳಿಗೆ ಹಾರಿಹೋಗಿತ್ತು. ಬರಿತಲೆಯವನನ್ನು ಆಗಿನ ಸಾಹೇಬ ಒಳಗೆ ಬಿಡಲಿಲ್ಲ. ಜವಾನ ಗುಲಾಮ ರಸೂಲನ ಬೆವರಿನ ಟೊಪ್ಪಿಗೆ ಬೇಡಿ, ಕಿವಿಯವರೆಗೆ ಇಳಿಯುತ್ತಿದ್ದ ಅದನ್ನು ಹಾಕಿಕೊಂಡು ಇಡೀ ದಿನ ಎಲ್ಲರ ನಗೆ ಸಹಿಸಿದ್ದ. ನಗುತ್ತಲೇ ಹೇಳಿದ್ದ, ಅವಳೂ ನಕ್ಕಿದ್ದಳು. ಇವತ್ತು ಯಾಕೋ ಅದು ನಗುವ ಮಾತು ಅನ್ನಿಸಲಿಲ್ಲ.

ಪರ ಗಂಡಸರ ಮುಂದೆ ಎಂದೂ ಬಾಯಿ ತೆರೆಯದ ಸುಂದರಬಾಯಿ ಸೆರಗು ಎಳೆದುಕೊಂಡು ನಡುಮನೆಗೆ ಬಂದಳು.

“ಅವರಿಗಿ ಬ್ಯಾಡರಿ ಅಣ್ಣಾ,” ಅಂದಳು. “ಮಾವನವರಿಗಿ ಸುತ್ತರಿ. ಈ ಮನಿಗಿ ಹಿರೇರು ಅವರು.”

ಎಲ್ಲರೂ ಅವಳನ್ನು ನೋಡಿದರು. ದತ್ತಾತ್ರಿಯಂತೂ ಇವಳು ಯಾರೋ ಅನ್ನುವ ಹಾಗೆ ನೋಡಿದ. ಹೀಗೆ ನೋಡುವ ಬದಲು ಅವತ್ತೇ ಶೇರವಾನಿ ಹಾಕಿಕೊಂಡಿದ್ದರೆ ಆಗುತ್ತಿರಲಿಲ್ಲವೇ ಎಂದು ಅವಳಿಗೆ ಮತ್ತೆ ಸಿಟ್ಟು ಬಂತು. ಆದರೆ ಆಡಿದ ಮಾತು ಆಡಿಯಾಗಿತ್ತು.

ಧೊಂಡಿಬಾ ತನ್ನ ಹಳೆ ಪಟಕಾ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ನರಸಿಂಗರಾವ ಹೊಸದನ್ನು ಸುತ್ತಿದ. ಶಾಲು ಸಕ್ಕರೆ ತಂದಿಟ್ಟು ಎಲ್ಲರ ಕಾಲಿಗೆ ನಮಸ್ಕಾರ ಮಾಡಿದಳು. ಮುದುಕ ಕನ್ನಡಿ ಕೇಳಿ ಇಸಿದುಕೊಂಡು, ತನ್ನ ಸಾವಿಗೆ ಬಂದ ಪಟಕಾದಲ್ಲಿ ತನ್ನನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡ. ಬಿಳಿ ತನಗೆ ಒಪ್ಪುತ್ತದೆ ಅಂದ. ಎಲ್ಲರೂ ನಕ್ಕರು.

ನರಸಿಂಗರಾವ ಬಸ್ಸಿಗೆ ಹೋದ ಮೇಲೆ ಧೊಂಡಿಬಾ ಕನ್ನಡಿ ಕೆಳಗಿಟ್ಟು ಮಗನ ಬರಿತಲೆಯನ್ನು ನೋಡಿದ. ಸಿಟ್ಟಿನಿಂದ ನೋಡಲಿಲ್ಲ.

“ಇದೆಲ್ಲಾ ಇರ್ಲಿ ದತ್ತಾ,” ಅಂದ. “ನಾ ಖರೇನೇ ಹೋದ ದಿನ ನೀ ತಲಿ ಮ್ಯಾಲಿಂದು ಏನ ತೆಗಿತಿ?”

ದತ್ತಾತ್ರಿ ಅಂಗಿಯ ಹಳದಿ ಎಲೆಯೊಂದನ್ನು ಉಗುರಿನಿಂದ ಕೆರೆಯುತ್ತ ನಿಂತ.

“ಅವತ್ತ ಹಾಕ್ಕೋತೇನಿ, ಅಪ್ಪಾ,” ಅಂದ. “ಟೊಪ್ಪಿಗಿ ಹಾಕ್ಕೊಂಡೇ ಹೆಗಲ ಕೊಡ್ತೇನಿ.”

ಧೊಂಡಿಬಾ ತಲೆಯಾಡಿಸಿ ಹೊರಗೆ ತಂಬಾಕು ಉಗುಳಲು ಹೋದ. ಸುಂದರಬಾಯಿ ಒಳಗೆ ಹೋಗಿ ಗೂಟದ ಮೇಲಿದ್ದ ಕರಿ ಟೊಪ್ಪಿಗೆ ತೆಗೆದುಕೊಂಡು ಧೂಳು ಕೊಡವಿದಳು. ಅಪ್ಪನದ್ದೊಂದು ನಮೂನೆ, ಮಗನದ್ದೊಂದು ನಮೂನೆ, ನಡುವೆ ಸಾಯಬೇಕಾದವಳು ತಾನು ಎಂದು ಗೊಣಗಿಕೊಂಡಳು. ಗೊಣಗುತ್ತಲೇ ಅದನ್ನು ಹಳೆ ಪಂಚೆಯಲ್ಲಿ ಸುತ್ತಿ, ಬೇವಿನ ಎಲೆ ಹಾಕಿ, ಟ್ರಂಕಿನ ತಳದಲ್ಲಿ ತನ್ನ ಮದುವೆಯ ಸೀರೆಯ ಕೆಳಗೆ ಇಟ್ಟಳು. ಬೇಗ ಕೈಗೆ ಸಿಗದಿರಲಿ ಎಂದು ಅದರ ಮೇಲೆ ಇನ್ನೂ ನಾಲ್ಕು ಬಟ್ಟೆ ಹೇರಿದಳು.